ಕಮ್ಮನಹಳ್ಳಿಯ ಹಡಗಿಗೆ ನಾನೊಬ್ಬಳೇ ಪ್ರಯಾಣಿಕಳು

ಬೆಂಗಳೂರಿಗೆ ಬಂದ ಮೂರನೆಯ ತಿಂಗಳಲ್ಲಿ ನಾನು ಹಡಗು ಹತ್ತಿದೆ. ಅದು ಇದ್ದದ್ದು ಕಮ್ಮನಹಳ್ಳಿ ಮೇನ್ ರೋಡಿನ ಒಂದು ಬೇಕರಿಯ ಮೇಲೆ, ಎರಡನೆಯ ಮಹಡಿಯಲ್ಲಿ. ಬಾಗಿಲು ತೆಗೆದರೆ ನಡುಹಗಲಲ್ಲೂ ಒಳಗೆಲ್ಲ ನೀಲಿ ಬೆಳಕು, ಬಾವಿಯಲ್ಲಿ ಮುಳುಗಿ ಕಣ್ಣು ಬಿಟ್ಟಂತೆ. ಕಿಟಕಿಯ ಗಾಜುಗಳಿಗೆ ನೀಲಿ ಕಾಗದ ಅಂಟಿಸಿದ್ದರು. ಏಳು ಮೇಜು, ಅವಕ್ಕೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಮೂಲೆಯಲ್ಲಿ ಒಂದು ಬಾರ್ ಕೌಂಟರ್. ಅದರ ಹಿಂದೆ ಸಾಲಾಗಿ ನಿಂತ ಬಾಟಲಿಗಳಲ್ಲಿ ಬಣ್ಣದ ಶರಬತ್ತು. ಹಡಗುಗಳಲ್ಲಿ ಊಟ, ಪಾನೀಯ ಬಡಿಸುವ ಕೆಲಸಕ್ಕೆ ಹುಡುಗರನ್ನು ತಯಾರು ಮಾಡುವ ಟ್ರೈನಿಂಗ್ ಸೆಂಟರ್ ಅದು.

ಕಸ ಹೊಡೆಯಲು ಹೋದ ಮೊದಲ ದಿನವೇ ತಪ್ಪು ಮಾಡಿದೆ. ಮೇಜುಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಬಗ್ಗಿ ನೋಡಿದರೆ ಎರಡೆರಡು ಕಾಲುಗಳ ಕೆಳಗೆ ಮರದ ಚಕ್ಕೆ. ನಮ್ಮ ಮನೆಯವರು ನೆಲಕ್ಕೆ ಕಲ್ಲು ಹಾಸುವ ಮೇಸ್ತ್ರಿ. ಮಟ್ಟ ತಪ್ಪಿದ್ದನ್ನು ಕಂಡರೆ ಅವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಆ ರೋಗ ನನಗೂ ಅಂಟಿದೆ. ಚಕ್ಕೆಗಳನ್ನೆಲ್ಲ ಆಯ್ದು ಕಸದ ಬುಟ್ಟಿಗೆ ಹಾಕಿ, ಭಾರಿ ಉಪಕಾರ ಮಾಡಿದೆನೆಂದು ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಸೆಂಟರ್ ನಡೆಸುವ, ಹಿಂದೆ ತಾವೇ ಹಡಗಿನಲ್ಲಿ ಬಡಿಸುತ್ತಿದ್ದ ಆರೋಗ್ಯಸ್ವಾಮಿ ಸಾರ್ ಬಂದರು. ಎರಡು ಹೆಜ್ಜೆ ಒಳಗಿಟ್ಟವರು ತಟ್ಟನೆ ಗೋಡೆ ಹಿಡಿದುಕೊಂಡರು.

"ಏನಮ್ಮಾ ಮಾಡ್ಬಿಟ್ರಿ? ಎಲ್ಲಾ ಅಲ್ಲಾಡ್ತಾ ಇದೆಯಲ್ಲ!"

ಏನೂ ಅಲ್ಲಾಡುತ್ತಿರಲಿಲ್ಲ. ಹಡಗು ವಾಲಿದಾಗ ಟ್ರೇ ಹಿಡಿದು ನಡೆಯುವುದನ್ನು ಹುಡುಗರಿಗೆ ಕಲಿಸಲು ಚಕ್ಕೆ ಇಟ್ಟಿದ್ದಾರೆಂದು ಆಮೇಲೆ ತಿಳಿಯಿತು. ಆದರೆ ಸಾರ್ ಮುಖ ಬಿಳಿಚಿಕೊಂಡದ್ದಕ್ಕೆ ಆ ಕಾರಣ ಸಾಲದು. ನಾನು ಚಕ್ಕೆಗಳನ್ನು ಮತ್ತೆ ಇಡುವವರೆಗೂ ಅವರು ಗೋಡೆ ಬಿಡಲಿಲ್ಲ.

ಊರ ಕಡೆಯ ನಿಮಗೆ ನಮ್ಮ ಬದುಕಿನ ಬಗ್ಗೆ ಎರಡು ಮಾತು ಹೇಳಬೇಕು. ಸೇಡಂ ಬಿಟ್ಟು ನಾವು ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ. ಕಲ್ಯಾಣ ನಗರ, ಹೊರಮಾವು ಕಡೆಯೆಲ್ಲ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು, ಮನೆಯವರಿಗೆ ಕೈತುಂಬ ಕೆಲಸ. ನಮಗೆ ಸಿಕ್ಕಿದ್ದು ಒಂದೇ ಕೋಣೆ; ಬಚ್ಚಲು ನಾಲ್ಕು ಮನೆಗೆ ಸೇರಿ. ಊರಲ್ಲಿ ಬಾಗಿಲು ಹಾಕಿದರೆ ಏನಾಯಿತೋ ಎಂದು ಜನ ಓಡಿಬರುತ್ತಾರೆ. ಇಲ್ಲಿ ಬಾಗಿಲು ತೆಗೆದಿಟ್ಟರೆ ಅನುಮಾನ ಪಡುತ್ತಾರೆ. ನಾನು ಪಿಯುಸಿ ಪಾಸು ಮಾಡಿದವಳು, ಕನ್ನಡ ನನಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದೆ. ತರಕಾರಿಯವನು ನನ್ನ ಮಾತು ಕೇಳಿ, "ಮೇಡಂ, ನೀವು ಬಾಂಬೆ ಕಡೆಯೋರಾ?" ಎಂದ. ಅವತ್ತು ಬದನೆಕಾಯಿ ಕೊಳ್ಳದೆ ಬಂದೆ. ಜೋಳದ ಹಿಟ್ಟಿನ ಚೀಲ ಊರಿಂದ ಬರುವವರೆಗೆ ಮೂರು ಹೊತ್ತೂ ಅನ್ನ. ಹೊಟ್ಟೆ ತುಂಬುತ್ತಿತ್ತು, ಊಟ ಮಾಡಿದಂತೆ ಆಗುತ್ತಿರಲಿಲ್ಲ.

ಕಸ ಹೊಡೆಯುವವಳು ಪ್ರಯಾಣಿಕಳಾದದ್ದು ಹೀಗೆ. ಹುಡುಗರು ಒಬ್ಬರಿಗೊಬ್ಬರು ಬಡಿಸಿ ಅಭ್ಯಾಸ ಮಾಡುವಾಗ ಬರೀ ನಗು. "ಮಗಾ, ಟಿಪ್ಸ್ ಕೊಡೋ, ಇಲ್ಲಾಂದ್ರೆ ಸಮುದ್ರಕ್ಕೆ ತಳ್ತೀನಿ" ಎಂದು ಒಬ್ಬ ಅಂದ ದಿನ ಸಾರ್ ಕೆಂಡವಾದರು. ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಕರೆದರು.

"ಶರಣಮ್ಮ, ದಿನಾ ಮಧ್ಯಾಹ್ನ ಒಂದು ಗಂಟೆ ಸುಮ್ನೆ ಕೂತ್ಕೊಳ್ತೀರಾ? ಅದಕ್ಕೆ ಬೇರೆ ಕೊಡ್ತೀನಿ. ಕಿಟಕಿ ಕಡೆ ಮುಖ. ಮಾತಾಡೋ ಹಾಗಿಲ್ಲ. ಹುಡುಗ್ರು ತಂದಿದ್ದು ಕುಡೀಬೇಕು, ಬಿಲ್ ಚೀಟಿ ಕೊಟ್ಟಾಗ ಸೈನ್ ಹಾಕ್ಬೇಕು, ಅಷ್ಟೇ."

ಕೂತು ತಿನ್ನುವುದಕ್ಕೆ ಕೂಲಿ ಕೊಡುವ ಊರು ಇದೊಂದೇ ಎಂದು ಮನಸ್ಸಿನಲ್ಲೇ ನಕ್ಕು ಒಪ್ಪಿಕೊಂಡೆ. ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕಾರ್ಡು ಬಂತು, ಮೇಲೆ ಎಂಟುನೂರ ಹನ್ನೆರಡು ಎಂಬ ಕೋಣೆ ನಂಬರು.

ಹಡಗಿನ ಲೆಕ್ಕಾಚಾರದ ತಲೆಬುಡ ತಿಳಿಯಲು ನನಗೆ ವಾರ ಹಿಡಿಯಿತು. ಅಲ್ಲಿ ಯಾರೂ ಜೇಬಿನಿಂದ ಕಾಸು ತೆಗೆಯುವುದಿಲ್ಲ. ಕುಡಿದದ್ದೆಲ್ಲ ಕಾರ್ಡಿನ ಮೂಲಕ ಕೋಣೆಯ ನಂಬರಿಗೆ ಹೋಗುತ್ತದೆ. ಗ್ಲಾಸಿನ ಬೆಲೆಯ ಮೇಲೆ ನೂರಕ್ಕೆ ಹದಿನೈದು 'ಗ್ರಾಚ್ಯುಟಿ' ತಾನಾಗಿಯೇ ಸೇರುತ್ತದೆ, ಅದು ತಂದುಕೊಟ್ಟವನಿಗೆ. ನಮ್ಮೂರ ಹೆಡ್‌ಮಾಸ್ತರರಿಗೆ ರಿಟೈರಾದಾಗ ಬಂದ ಗ್ರಾಚ್ಯುಟಿಯಷ್ಟೇ ನನಗೆ ಗೊತ್ತಿತ್ತು. ಇಲ್ಲಿ ಅದು ಭಕ್ಷೀಸಿಗೆ ಇಟ್ಟ ದೊಡ್ಡ ಹೆಸರು. ನಮ್ಮ ಕಡೆಯ ಖಾನಾವಳಿಯಲ್ಲಿ ಉಂಡು ಕೈತೊಳೆದು, ಬಡಿಸಿದವನ ಮುಖ ನೋಡಿ, ಮನಸ್ಸಾದರೆ ಕೊಡುತ್ತೇವೆ. ಅಲ್ಲಿ ಮನಸ್ಸನ್ನು ಕೇಳುವವರೇ ಇಲ್ಲ. ಇಷ್ಟರ ಮೇಲೆ ಚೀಟಿಯ ಕೆಳಗೆ ಇನ್ನೊಂದು ಖಾಲಿ ಗೆರೆ, ಹೆಚ್ಚಿನ ಭಕ್ಷೀಸಿಗೆ. ಮೊದಲೇ ಕೊಟ್ಟಾಗಿದೆ ಎಂದು ತಿಳಿಯದವರು ಅಲ್ಲೂ ಬರೆದುಬಿಡುತ್ತಾರೆ.

"ಚೀಟಿ ಹಿಡಿಯೋವಾಗ ಹೆಬ್ಬೆಟ್ಟು ಮೇಲಿನ ಗೆರೆ ಮೇಲಿರ್ಲಿ, ಹದಿನೈದು ಕಾಣ್ಬಾರ್ದು" ಎಂದು ಸಾರ್ ಹುಡುಗರಿಗೆ ತೋರಿಸಿಕೊಡುತ್ತಿದ್ದರು. "ಗ್ಲಾಸ್ ಖಾಲಿ ಆಯ್ತಾ, ಇನ್ನೊಂದು ತನ್ನಿ. ಬೇಡ ಅನ್ನೋವರ್ಗೂ ಬೇಕು ಅಂತಾನೇ ಅರ್ಥ."

ನಾನಂತೂ ಬೇಡ ಎನ್ನುವ ಹಾಗಿರಲಿಲ್ಲ, ಮಾತಾಡಬಾರದೆಂದು ಅಪ್ಪಣೆಯಾಗಿತ್ತಲ್ಲ. ಮುಂದಿಟ್ಟದ್ದನ್ನು ಚೆಲ್ಲಬಾರದೆಂದು ಬೆಳೆದವಳು ಬೇರೆ. ಮೊದಲ ದಿನ ಎಂಟು ಗ್ಲಾಸು ಶರಬತ್ತು ಕುಡಿದು ಮನೆಗೆ ಹೋಗಿ ಮಲಗಿಬಿಟ್ಟೆ. ಮನೆಯವರು, "ಹಡಗಿನ್ಯಾಗ ಹೋದಾಕಿ ಏನ್ ತಂದಿ ನನಗ?" ಎಂದು ಕಾಡಿದರು. ನಾನು ಎದ್ದು ಬಚ್ಚಲಿಗೆ ಓಡಿದೆ.

ಸಹಿಯದ್ದೇ ವಿಚಿತ್ರ. ಮೊದಲ ಚೀಟಿಗೆ ನಾನು ಕನ್ನಡದಲ್ಲಿ ಶರಣಮ್ಮ ಎಂದು ಬರೆದೆ. ಸಾರ್ ಅದನ್ನು ಹರಿದು, ತಮ್ಮ ಪರ್ಸಿನಿಂದ ಹಳದಿಗಟ್ಟಿದ ಒಂದು ತುಂಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಇಂಗ್ಲಿಷಿನ ಒಂದು ಸಹಿ: ಕೊಕ್ಕೆಯಂಥ ಅಕ್ಷರ, ಆಮೇಲೆ ಉದ್ದಕ್ಕೆ ಎಳೆದ ಗೆರೆ, ಗೆರೆಯ ಕೊನೆಯಲ್ಲಿ ಸಣ್ಣ ಚುಕ್ಕೆ. ಹೆಸರು ಓದಲಾಗುತ್ತಿರಲಿಲ್ಲ.

"ಇದೇ ಥರ. ಗೆರೆ ಇನ್ನೂ ಉದ್ದ ಇರ್ಲಿ" ಎಂದರು. ಯಾರದೆಂದು ಕೇಳಿದೆ. ಕೇಳಿಸದವರಂತೆ ಕೌಂಟರಿನ ಹಿಂದೆ ಹೋದರು.

ನಿಜ ಹೇಳುತ್ತೇನೆ, ಆ ಕುರ್ಚಿ ನನಗೆ ಇಷ್ಟವಾಗಿತ್ತು. ಇಡೀ ಬೆಂಗಳೂರಿನಲ್ಲಿ ನನ್ನನ್ನು ಮೇಡಂ ಎಂದು ಬಾಗಿ ಕರೆಯುತ್ತಿದ್ದದ್ದು ಆ ಒಂದು ಗಂಟೆ ಮಾತ್ರ. ನೀಲಿ ಕಿಟಕಿ ನೋಡುತ್ತ ಕೂತರೆ ಕೆಳಗಿನ ಬಸ್ಸಿನ ಸದ್ದು ಅಲೆಯ ಸದ್ದಿನಂತೆ ಕೇಳಲು ತೊಡಗಿತ್ತು. ಸಮುದ್ರವನ್ನು ನಾನು ಕಂಡವಳೇ ಅಲ್ಲ. ಆದರೂ ಅಲ್ಲಿ ಕೂತಾಗ ಗಂಡ ಸತ್ತವಳ ದುಃಖದಂಥದ್ದೇನೋ ನನ್ನನ್ನು ಕವಿಯುತ್ತಿತ್ತು. ಆರೋಗ್ಯವಾಗಿ ಕಲ್ಲು ಹಾಸುತ್ತಿದ್ದ ಗಂಡನನ್ನು ಇಟ್ಟುಕೊಂಡು ಇದೇನು ಅಪಶಕುನ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಒಂದು ಸಂಜೆ ರಸ್ತೆಯಲ್ಲಿ ಹಿಂದಿನಿಂದ ಬಂದ ಮನೆಯವರು, "ಯಾಕ ಹಂಗ ವಾಲಿ ನಡಿಲಿಕತ್ತಿ? ಕಾಲಿಗೇನರ ಆಗ್ಯದೇನು?" ಎಂದು ಕೇಳಿದರು. ಕಾಲಿಗೆ ಏನೂ ಆಗಿರಲಿಲ್ಲ.

ಎರಡನೆಯ ಕ್ಲಾಸಿನಲ್ಲಿದ್ದ ಮಗಳು ಭಾಗ್ಯ ಒಂದು ದಿನ ತನ್ನ ಮಾರ್ಕ್ಸ್ ಕಾರ್ಡನ್ನು ಶಾಲೆಯಿಂದ ವಾಪಸು ತಂದಳು. "ಅವ್ವಾ, ಮಿಸ್ ಬೈದ್ರು. ಇದು ನಿಮ್ಮವ್ವನ ಸಹಿ ಅಲ್ಲ ಅಂತ" ಎಂದು ಮುಖ ಊದಿಸಿಕೊಂಡು ನಿಂತಳು. ಪಾಲಕರ ಸಹಿ ಎಂಬಲ್ಲಿ ಕೊಕ್ಕೆ, ಉದ್ದ ಗೆರೆ, ಚುಕ್ಕೆ. ಅದನ್ನು ಹಾಕಿದ್ದು ನಾನೇ, ರೊಟ್ಟಿ ಬಡಿಯುವ ನಡುವೆ, ನೋಡದೆ. ಈಗ ಸರಿಯಾಗಿ ಹಾಕೋಣವೆಂದು ಪೆನ್ನು ಹಿಡಿದೆ. ನನ್ನ ಹೆಸರಿನ ಮೊದಲ ಅಕ್ಷರ ಹೇಗೆ ಶುರು ಮಾಡುತ್ತಿದ್ದೆನೆಂಬುದು ಕೈಗೆ ನೆನಪಾಗಲಿಲ್ಲ. ಮಗಳು ನೋಡುತ್ತಿದ್ದಳು. ನನಗೆ ಅಳು ಬಂತು.

ಆ ಕುರ್ಚಿ ಬಿಡಬೇಕೆಂದು ಅಲ್ಲೇ ನಿರ್ಧಾರ ಮಾಡಿದೆ. ಮಾರನೆಯ ಮಧ್ಯಾಹ್ನ ಹೋದರೆ ಹುಡುಗರು ಯಾರೂ ಇಲ್ಲ, ಇಂಟರ್‌ವ್ಯೂಗೆ ಹೋಗಿದ್ದರು. ಸಾರ್ ಒಬ್ಬರೇ, ಬಿಳಿ ಕೋಟು ತೊಟ್ಟು, ಕೊರಳಿಗೆ ಕರಿ ಬೋ ಟೈ ಕಟ್ಟಿಕೊಂಡು ನಿಂತಿದ್ದರು. ಹಾಗೆ ನಾನು ಅವರನ್ನು ನೋಡಿರಲಿಲ್ಲ.

"ಸರ, ನಾ ಇನ್ನ ಕುಂಡ್ರಂಗಿಲ್ರಿ. ಕಸ ಹೊಡಿತೀನಿ, ಪಾತ್ರಿ ತೊಳಿತೀನಿ. ಇದೊಂದು ಬ್ಯಾಡ್ರಿ."

ಅವರು ಸಿಟ್ಟಾಗಲಿಲ್ಲ. "ಇವತ್ತೊಂದು ದಿನ ಅಮ್ಮಾ. ಇವತ್ತು ನಾನೇ ತರ್ತೀನಿ. ಆಮೇಲೆ ಕೇಳಲ್ಲ" ಎಂದರು. ಆ ದನಿಗೆ ಇಲ್ಲ ಎನ್ನಲಾಗಲಿಲ್ಲ. ಕೂತೆ.

ಒಂದಾದ ಮೇಲೊಂದು ಗ್ಲಾಸು ಬಂತು. ಹುಡುಗರ ಗಡಿಬಿಡಿ ಆ ನಡಿಗೆಯಲ್ಲಿ ಇರಲಿಲ್ಲ. ಬೆನ್ನ ಹಿಂದೆ ಬಂದು ನಿಂತದ್ದೂ ತಿಳಿಯುತ್ತಿರಲಿಲ್ಲ. ಗ್ಲಾಸು, ಚೀಟಿ, ಪೆನ್ನು, ಹೆಬ್ಬೆಟ್ಟು. ನಾನು ಕುಡಿದೆ, ಕೊಕ್ಕೆ ಗೆರೆ ಎಳೆದೆ. ಒಂಬತ್ತು ಗ್ಲಾಸಾಯಿತು. ಹೊಟ್ಟೆ ಬಿರಿಯುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಅವರು ಹತ್ತನೆಯದನ್ನು ಸುರಿಯಲು ಬಾಟಲಿ ಬಗ್ಗಿಸಿದಾಗ ನನಗೇ ಅರಿವಿಲ್ಲದೆ ಅಂಗೈಯನ್ನು ಗ್ಲಾಸಿನ ಮೇಲೆ ಅಡ್ಡ ಇಟ್ಟೆ.

"ಸಾಕ್ರಿ ಸರ."

ಅವರು ಎಡಗೈಯ ಎರಡು ಬೆರಳಿನಿಂದ ನನ್ನ ಮಣಿಕಟ್ಟು ಹಿಡಿದರು. ಬಹಳ ಮೆತ್ತಗೆ, ಮಲಗಿದ ಮಗುವಿನ ಕೈ ಸರಿಸುವಂತೆ. ಸರಿಸಿ ಪಕ್ಕಕ್ಕಿಟ್ಟರು. ಗ್ಲಾಸು ತುಂಬಿದರು. ಆಮೇಲೆ ತಾವು ಮಾಡಿದ್ದನ್ನು ತಾವೇ ನೋಡಿದರು. ಬಾಟಲಿ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು; ವಾಲಿದ ಕಡೆಗೆ ಶರಬತ್ತೆಲ್ಲ ಹರಿದು ನನ್ನ ಸೀರೆಗೆ ಇಳಿಯಿತು.

"ಇಷ್ಟು ದಿನ ಎಲ್ಲರಿಗೂ ಬೇರೆ ಥರ ಹೇಳ್ತಿದ್ದೆ" ಎಂದರು, ನನ್ನ ಕಡೆ ನೋಡದೆ. "ಎಂಟುನೂರ ಹನ್ನೆರಡರ ಮೇಡಂ. ಗಂಡ ತೀರಿಹೋಗಿದ್ರು, ಹಡಗಿಗೆ ಒಬ್ರೇ ಬಂದಿದ್ರು. ಅವರ ಟೇಬಲ್ ನನ್ನ ಸೆಕ್ಷನ್ನು. ದಿನಾ ಇದೇ ಥರ ಕಿಟಕಿ ನೋಡ್ಕೊಂಡು ಕೂತಿರೋರು. ಸಾಕು ಅಂತ ಅವರು ಒಂದು ಸಲಾನೂ ಅನ್ಲಿಲ್ಲ ಅಂತ ಕ್ಯಾಪ್ಟನ್ ಹತ್ರಾನೂ ಹೇಳ್ದೆ. ಅಂದಿದ್ರು ಶರಣಮ್ಮ. ಕೈ ಅಡ್ಡ ಇಟ್ಟಿದ್ರು. ನಾನು ಸರಿಸಿ ಹಾಕ್ಬಿಟ್ಟೆ."

"ಆಮ್ಯಾಲ?"

"ಬೆಳಿಗ್ಗೆ ರೂಮಲ್ಲಿ ಇರ್ಲಿಲ್ಲ. ಹಡಗು ತಿರುಗಿಸಿ ಅರ್ಧ ದಿನ ಹುಡುಕಿದ್ರು. ನೀರೇ ಅಲ್ವಾ, ಎಲ್ಲಿ ಅಂತ ಹುಡುಕ್ತಾರೆ." ಕೋಟಿನ ತೋಳಿನಿಂದ ಬಾಯಿ ಒರೆಸಿಕೊಂಡರು. "ತಿಂಗಳ ಕೊನೆಗೆ ಆ ಹತ್ತನೇ ಗ್ಲಾಸಿನ ಹದಿನೈದೂ ನನ್ನ ಸಂಬಳಕ್ಕೆ ಬಂತು."

ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಭಯ. ಮಣಿಕಟ್ಟಿನ ಮೇಲೆ ಆ ಎರಡು ಬೆರಳು ಇನ್ನೂ ತಣ್ಣಗೆ ಇದ್ದವು, ಮತ್ತು ಅದು ನನ್ನದೇ ಮಣಿಕಟ್ಟು ಎಂಬ ನಂಬಿಕೆ ಇರಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ. ಬೇಕರಿಯ ಮುಂದೆ ನಿಂತು, ಬಿಲ್ಲು ಬರೆಯುವವನ ಪೆನ್ನು ಕೇಳಿ, ಅಂಗೈ ಮೇಲೆ ಶರಣಮ್ಮ ಎಂದು ಬರೆದೆ. ಮೂರು ಸಲ ಬರೆದ ಮೇಲೆ ಸರಿಯಾಗಿ ಬಂತು. ಬೇಕರಿಯವನು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ಆಮೇಲೆ ಆ ಮೆಟ್ಟಿಲು ನಾನು ಹತ್ತಲಿಲ್ಲ. ಮುಂದಿನ ವರ್ಷ ಅಲ್ಲಿ ಕಂಪ್ಯೂಟರ್ ಕ್ಲಾಸು ಬಂತು.

ಈ ಬೇಸಿಗೆಯಲ್ಲಿ ತಮ್ಮನ ಮದುವೆಗೆ ಊರಿಗೆ ಬಂದಿದ್ದೆ. ಪಂಕ್ತಿಯಲ್ಲಿ ಕೂತಿದ್ದೆ, ನೀವೂ ಕೆಲವರು ಅಲ್ಲಿದ್ದಿರಿ. ದೊಡ್ಡಣ್ಣ ಗೋಧಿ ಹುಗ್ಗಿಯ ಬಕೆಟ್ಟು ಹಿಡಿದು ಬಂದ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು: ಉಣ್ಣುವವರು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಸುರಿಯಬೇಕು. ಅಷ್ಟು ಮಾಡದಿದ್ದರೆ ಅದು ಬೀಗತನವೂ ಅಲ್ಲ, ಪ್ರೀತಿಯೂ ಅಲ್ಲ. ನಾನು ಕೈ ಅಡ್ಡ ಇಟ್ಟೆ. ಅಣ್ಣ ನಗುತ್ತ ನನ್ನ ಮಣಿಕಟ್ಟು ಹಿಡಿದ.

ನಾನು ಚೀರಿದೆನಂತೆ. ಪಂಕ್ತಿಯ ನಡುವೆ ಎದ್ದು ನಿಂತಿದ್ದೆ. ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಅತ್ತಿಗೆ ಓಡಿಬಂದು, "ಯಾಕ ಶರಣಿ, ಬೆಂಗಳೂರಾಗ ಯಾರರ ಏನರ ಮಾಡ್ಯಾರೇನು?" ಎಂದು ಕಿವಿಯಲ್ಲಿ ಕೇಳಿದಳು. ನನಗೇನೂ ಆಗಿಲ್ಲ ಎಂದೆ. ಅಣ್ಣನ ಮುಖ ಸಣ್ಣದಾಗಿತ್ತು.

"ಆ ಊರ ಮಂದಿ ಆಗ್ಬಿಟ್ಟಿ ನೀ" ಎಂದ. "ಬ್ಯಾಡಂದ್ರ ಬ್ಯಾಡ, ಬಿಡವ್ವ." ಬಕೆಟ್ಟು ಎತ್ತಿಕೊಂಡು ಮುಂದಿನ ಎಲೆಗೆ ಹೋದ. ಆಮೇಲೆ ಆ ಮದುವೆಯಲ್ಲಿ ನನಗೆ ಯಾರೂ ಏನನ್ನೂ ಒತ್ತಾಯ ಮಾಡಲಿಲ್ಲ. ಒಂದೊಂದು ಸಲ ಕೇಳಿ, ಬೆಂಗಳೂರಿನವರಂತೆ ಮುಂದೆ ಹೋದರು. ನಾನು ಕೂತು ಎಲೆಯನ್ನು ನೋಡುತ್ತಿದ್ದೆ. ನನಗೆ ಆ ಹುಗ್ಗಿ ಬೇಕಾಗಿತ್ತು.