ಎರಡನೇ ಸಲ ಕೇಳದ ಊರಿನಲ್ಲಿ

ಮೊನ್ನೆ ಹುನಗುಂದದಲ್ಲಿ ಒಬ್ಬರ ಮನೆಗೆ ಸೀರೆ ತೋರಿಸಲು ಹೋಗಿದ್ದೆ. ಗಂಟು ಬಿಚ್ಚುವ ಮೊದಲೇ ಒಳಗಿನಿಂದ ಶುಂಠಿ ಕುಟ್ಟಿ ಹಾಕಿದ ಚಹಾದ ವಾಸನೆ ಬಂತು. "ಚಾ ತಗೋರಿ" ಅಂದರು ಮನೆಯಾಕೆ. "ಬ್ಯಾಡ್ರಿ, ಈಗ ಕುಡದ ಬಂದೇನಿ" ಅಂದೆ. ಖರೆ ಹೇಳಬೇಕೆಂದರೆ ಬೆಳಗಿನಿಂದ ಒಂದು ಹನಿ ಕುಡಿದಿರಲಿಲ್ಲ. "ಅದ್ಹೆಂಗ್ರಿ, ಅರ್ಧ ಕಪ್ಪರೆ ತಗೋರಿ." "ಅಯ್ಯ, ನೀವು ಹೇಳಿದ್ರ ಕೇಳಂಗಿಲ್ಲ ಬಿಡ್ರಿ" ಅನ್ನುವಷ್ಟರಲ್ಲಿ ತುಂಬಿದ ಕಪ್ಪು ಕೈಗೆ ಬಂದಿತ್ತು. ನೀವು ನಮ್ಮ ಕಡೆಯವರಾದರೆ ಇದರಲ್ಲೇನು ವಿಶೇಷ ಎಂದು ಕೇಳುತ್ತೀರಿ. ಆದರೆ ಇದೇ 'ಬ್ಯಾಡ'ದಿಂದ ನಾನು ಒಮ್ಮೆ ಸ್ಕಾಟ್ಲೆಂಡಿನಲ್ಲಿ ಒಂದು ಮಗ್ಗ ಕಳೆದುಕೊಂಡಿದ್ದೆ.

ನಾನು ಇಳಕಲ್ಲಿನವಳು. ವ್ಯಾಪಾರ ನನಗೆ ಯಾರೂ ಕಲಿಸಲಿಲ್ಲ. ಬಾಗಲಕೋಟೆಯ ನವನಗರದ ಓಣಿ ಓಣಿ ತಿರುಗಿ, ಬಾದಾಮಿಯ ಮಾಸ್ತರರ ಮನೆಗಳ ಕಟ್ಟೆಯ ಮೇಲೆ ಕೂತು ನಾನೇ ಕಲಿತದ್ದು. ಗಿರಾಕಿ ಸೀರೆ ಮಡಚಿ ಆಚೆ ಸರಿಸಿದಳೆಂದರೆ ಬೇಡವೆಂದು ಅರ್ಥವಲ್ಲ. ಸರಿಸುವಾಗ ಸೆರಗಿನ ಮೇಲೆ ಕೈ ಆಡಿಸಿದಳೋ ಇಲ್ಲವೋ ನೋಡಬೇಕು. ಆಡಿಸಿದ್ದರೆ ಗಂಟು ಕಟ್ಟುವ ನಾಟಕ ಶುರು ಮಾಡಬೇಕು, ನಿಧಾನವಾಗಿ. ಈ ವಿದ್ಯೆ ಯಾವ ಕಾಲೇಜಿನಲ್ಲೂ ಸಿಗದು. ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ.

ಗಂಟು ಹೊರುತ್ತಲೇ ಡಿಗ್ರಿ ಮುಗಿಸಿದೆ. ಮೂವತ್ತೈದು ದಾಟಿದ ಮೇಲೆ ವಿದ್ಯಾರ್ಥಿವೇತನ ಹಿಡಿದು ನೇಯ್ಗೆಯಲ್ಲಿ ಸ್ನಾತಕೋತ್ತರ ಪದವಿಗೆಂದು ಸ್ಕಾಟ್ಲೆಂಡಿಗೆ ಹೊರಟೆ. ಅವ್ವ ನಕ್ಕಳು. "ಇಳಕಲ್ಲಾಗ ಹುಟ್ಟಿ ನೇಯೂದ ಕಲಿಯಾಕ ಪರದೇಶಕ್ಕ ಹೊಂಟೀಯಲ್ಲ. ಮೀನ ಈಜ ಕಲಿಯಾಕ ಸಾಲಿಗಿ ಹೋದಂಗಾತು."

ಅವ್ವನ ಮಾತು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ನಮ್ಮ ಮನೆಯಲ್ಲಿ ಕುಣಿಮಗ್ಗಕ್ಕೆ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂಡುತ್ತಿದ್ದವನು ಅಪ್ಪ. ನೂಲಿಗೆ ಗಂಜಿ ಹಾಕುವುದು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು, ಉದ್ದೆಳೆ ಪೋಣಿಸುವುದು, ತುಂಡಾದ ಎಳೆ ಹುಡುಕಿ ಕಟ್ಟುವುದು ಅವ್ವ ಮತ್ತು ನಾನು. ಹೆಂಗಸರು ಮಗ್ಗಕ್ಕೆ ಕೂಡಬಾರದೆಂದು ಯಾರೂ ಅಂದಿರಲಿಲ್ಲ; ಕೂಡು ಎಂದೂ ಅಂದಿರಲಿಲ್ಲ. ಅಪ್ಪ ಹೋದ ಮೇಲೆ ಕುಣಿಗೆ ಹಲಗೆ ಮುಚ್ಚಿ ಅದರ ಮೇಲೆ ಸೀರೆಯ ಗಂಟು ಇಟ್ಟೆವು. ಗಂಟುಗಟ್ಟಲೆ ಸೀರೆ ಮಾರಿದ ನಾನು ಒಂದು ಗೇಣು ಬಟ್ಟೆ ನೇಯ್ದವಳಲ್ಲ. ಪರದೇಶಕ್ಕೆ ಹೋದದ್ದು ಅದಕ್ಕೇ.

ಆ ಮೊದಲ ದಿನಗಳ ಹಿಗ್ಗನ್ನು ಹೇಗೆ ಹೇಳಲಿ? ನನ್ನ ಫೋಟೋ ಅಂಟಿಸಿದ ಗುರುತಿನ ಚೀಟಿಯನ್ನು ಮುಟ್ಟಿಸಿದರೆ ಗ್ರಂಥಾಲಯದ ಬಾಗಿಲು ತಾನಾಗಿ ತೆರೆಯುತ್ತಿತ್ತು. ಯಾವ ಮನೆಯ ಬಾಗಿಲೂ ನನಗೆ ಇಷ್ಟು ಸಲೀಸಾಗಿ ತೆರೆದದ್ದಿಲ್ಲ. ಬರೇ ತೆರೆಯಲಿ ಎಂದು ಒಳಗೆ ಹೋಗಿ ಹೊರಗೆ ಬಂದು ಮತ್ತೆ ಒಳಗೆ ಹೋಗಿದ್ದೇನೆ. ತರಗತಿಯಲ್ಲಿ ನನಗಿಂತ ಎಷ್ಟೋ ಚಿಕ್ಕವರ ನಡುವೆ ಕೂತರೆ, ನೇಯ್ಗೆ ಕಲಿಸುತ್ತ ಟೇಬಲ್ಲಿನ ಅಂಚಿಗೆ ಕೂತ ಹೆಲೆನ್ ಮೇಡಂ ನನ್ನ ಕಡೆ ತಿರುಗಿ, "ನಿನಗೇನು ಅನಿಸುತ್ತದೆ?" ಎನ್ನುತ್ತಿದ್ದರು. ಬಣ್ಣ ಹೋಗುತ್ತದೆಯೇ, ಕಡಿಮೆ ಮಾಡಿ ಕೊಡುತ್ತೀಯಾ ಎಂದು ಕೇಳಿದವರುಂಟು. ನನಗೇನು ಅನಿಸುತ್ತದೆಂದು ಕೇಳಿದವರಿಲ್ಲ. (ಅವರನ್ನು ಬರೇ ಹೆಲೆನ್ ಅನ್ನಬೇಕಂತೆ. ನನಗೆ ನಾಲಿಗೆ ಏಳಲಿಲ್ಲ. ಚೌಕಾಶಿ ನಡೆದು 'ಹೆಲೆನ್ ಮೇಡಂ'ಗೆ ಇತ್ಯರ್ಥವಾಯಿತು.)

ಎರಡನೇ ವಾರ ಮೇಡಂ ಮಗ್ಗ ಹಂಚಿದರು. ಮಂದಿಗಿಂತ ಮಗ್ಗ ಕಡಿಮೆ. ಕಿಟಕಿ ಪಕ್ಕದ್ದನ್ನು ತೋರಿಸಿ, "ಇದು ನಿನಗೆ ಬೇಕೇ?" ಎಂದರು. ನನ್ನ ಕೈ ಆಗಲೇ ಅದರ ಮೇಲೆ ಆಡುತ್ತಿತ್ತು. ಬಾಯಿ ಮಾತ್ರ ತನ್ನ ರೂಢಿಯಂತೆ, "ಇರಲಿ ಮೇಡಂ, ಬೇರೆಯವರಿಗೆ ಕೊಡಿ" ಎಂದಿತು. ಅವರು ಒತ್ತಾಯ ಮಾಡುತ್ತಾರೆ, ನಾನು ಮತ್ತೊಮ್ಮೆ ಅಲ್ಲಗಳೆಯುತ್ತೇನೆ, ಆಮೇಲೆ 'ನೀವು ಅಷ್ಟು ಹೇಳಿದರೆ' ಎನ್ನುತ್ತೇನೆ. ಲೆಕ್ಕ ಪಕ್ಕಾ ಇತ್ತು.

"ಒಳ್ಳೆಯದು" ಎಂದರು ಮೇಡಂ. ಮಗ್ಗವನ್ನು ಪೋಲೆಂಡಿನ ಹುಡುಗಿ ಅಗಾತಾಳಿಗೆ ಕೊಟ್ಟು ಮುಂದೆ ನಡೆದರು.

ಮಗ್ಗವಿಲ್ಲದವರಿಗೆ ಆ ವರ್ಷ ಪುಸ್ತಕವೇ ಗತಿ. ಎರಡನೇ ಸಲ ಕೇಳಿಯಾರೆಂದು ದಿನಾ ಅವರ ಎದುರಿಗೆ ಸುಳಿದಾಡಿದೆ. ನಕ್ಕು "ಗುಡ್ ಮಾರ್ನಿಂಗ್" ಅನ್ನುತ್ತಿದ್ದರು, ಅಷ್ಟೇ. ರಾತ್ರಿ ಕಡಕ್ ರೊಟ್ಟಿ ಮುರಿಯುತ್ತ ನನಗೇ ಬೈದುಕೊಂಡೆ. ಇಷ್ಟು ದೂರ ಬಂದು, ನೇಯುವವರ ಬಗ್ಗೆ ಓದಿ ವಾಪಸು ಹೋಗುವುದೇನು? ಅದನ್ನು ಇಳಕಲ್ಲಿನಲ್ಲಿ ಕೂತೇ ಮಾಡಬಹುದಿತ್ತು.

ಕೊನೆಗೆ ನನ್ನೊಳಗಿನ ವ್ಯಾಪಾರದವಳೇ ಎಚ್ಚರವಾದಳು. ನೋಡಿದೆ: ಅಗಾತಾ ಮಧ್ಯಾಹ್ನದ ಮೊದಲು ಬರುವವಳಲ್ಲ. ಮಗ್ಗಕ್ಕೆ ಹಾಸು ಕಟ್ಟುವುದೆಂದರೆ, ಅಂದರೆ ಉದ್ದೆಳೆಗಳನ್ನು ಒಂದೊಂದಾಗಿ ಪೋಣಿಸುವುದೆಂದರೆ, ಅವಳಿಗೆ ಅಳು ಬರುತ್ತಿತ್ತು. ನನಗೋ ಅದು ಹುಟ್ಟಿನಿಂದ ಬಂದ ಕೆಲಸ. "ಎಳೆ ನಾನು ಪೋಣಿಸುತ್ತೇನೆ. ಮುಂಜಾನೆ ಮಗ್ಗ ನನ್ನದು, ಮಧ್ಯಾಹ್ನ ನಿನ್ನದು" ಎಂದೆ. ಅವಳು ನನ್ನನ್ನು ಅಪ್ಪಿಕೊಂಡಳು. ಅಷ್ಟು ಬೇಗ ಒಪ್ಪಿದ ಗಿರಾಕಿಯನ್ನು ನಾನು ಕಂಡಿಲ್ಲ.

ಇಬ್ಬರೂ ಮೇಡಂ ಹತ್ತಿರ ಹೋದೆವು. "ನೀನು ಬೇಡ ಅಂದೆಯಲ್ಲ!" ಎಂದರು ಅವರು.

"ನಮ್ಮ ಊರಲ್ಲಿ ಮೊದಲ ಸಲ ಎಲ್ಲರೂ ಹಾಗೇ ಅನ್ನುತ್ತಾರೆ. ಇನ್ನೊಮ್ಮೆ ಕೇಳುತ್ತೀರಿ ಅಂತ ಕಾಯುತ್ತಿದ್ದೆ."

ಅವರ ಮುಖ ಗಂಭೀರವಾಯಿತು. "ಇಲ್ಲಿ ಎರಡನೇ ಸಲ ಕೇಳಿದರೆ ಒತ್ತಾಯ ಮಾಡಿದಂತೆ, ಅದು ಅಮರ್ಯಾದೆ" ಎಂದರು. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೇ ನನ್ನ ಮಗ್ಗ ಹೋಗಿತ್ತು ನೋಡಿ. "ಈಗ ಹೇಳು, ಬೇಕೇ?"

"ಬೇಕು" ಎಂದೆ. ನಾನು ಆ ದೇಶದಲ್ಲಿ ಕಲಿತ ಮೊದಲ ಪಾಠ ಅದು. ಹೊರಗೆ ಓದಲು ಹೊರಟವರು ಕಡಕ್ ರೊಟ್ಟಿ ಒಯ್ಯಿರಿ, ಶೇಂಗಾ ಚಟ್ನಿ ಒಯ್ಯಿರಿ. ಮರ್ಯಾದೆಯ 'ಬ್ಯಾಡ'ವನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿರಿ.

ಒಂದೇ ಹಾಸಿನ ಮೇಲೆ ನನ್ನದೊಂದು ಗೇಣು, ಅಗಾತಾಳದೊಂದು ಗೇಣು ಬೆಳೆಯಿತು. ನನ್ನ ಮೊದಲ ಗೇಣನ್ನು ಅವ್ವನಿಗೆ ವಿಡಿಯೋದಲ್ಲಿ ತೋರಿಸಿದೆ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಭಾಳ ಹೊತ್ತು ನೋಡಿದಳು.

"ಅಂಚು ಹಾವು ಹರದಂಗ ಆಗೇತಿ. ಲಾಳಿ ಅಷ್ಟು ಜಗ್ಗಬ್ಯಾಡ." ಫೋನು ಕೆಳಗಿಳಿಸಿ, "ನಿಮ್ಮಪ್ಪನ ಮೊದಲನೇದಕ್ಕಿಂತ ಚೊಲೋ ಐತಿ ತಗೋ. ಅವರಿದ್ರ ನಾ ಹಿಂಗ ಹೇಳ್ತಿದ್ದಿಲ್ಲ" ಎಂದಳು. ಪದವಿ ಆಮೇಲೆ ಬಂತು, ಕರಿ ನಿಲುವಂಗಿಯ ಫೋಟೋ ಗೋಡೆಗೆ ಏರಿತು. ನನ್ನ ಮಟ್ಟಿಗೆ ಪದವಿ ಸಿಕ್ಕದ್ದು ಅವತ್ತೇ.

ವಾಪಸು ಬಂದು ಕುಣಿಯ ಹಲಗೆ ತೆಗೆದೆ. ಈಗ ನೇಯುತ್ತೇನೆ, ಮಾರುತ್ತೇನೆ, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತೇನೆ.

ಮೊನ್ನೆ ಹುನಗುಂದದಿಂದ ಬಸ್ಸಿಳಿದು ನಮ್ಮ ಓಣಿಗೆ ತಿರುಗಿದಾಗ ನಮ್ಮ ಮನೆಯಿಂದಲೇ ಮಗ್ಗದ ಸಪ್ಪಳ ಕೇಳಿಸಿತು. ಸಾವಕಾಶ, ನಡುನಡುವೆ ನಿಂತು ನಿಂತು. ಒಳಗೆ ನೋಡಿದರೆ, ನನ್ನ ಹಾಸಿನ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಕುಣಿಗೆ ಇಳಿಬಿಟ್ಟು ಅವ್ವ ಕೂತಿದ್ದಳು. ಯಾರೂ ಕೂಡು ಅಂದಿರಲಿಲ್ಲ. ತಲೆ ಎತ್ತದೆ ಅಂದಳು:

"ನಿಂತ ಏನ್ ನೋಡ್ತಿ? ಬಾಗಲಾ ಹಾಕು, ಬಿಸಿಗಾಳಿಗಿ ಎಳಿ ಹರೀತಾವು."

ಬಾಗಿಲು ಹಾಕಿದೆ.