ಗೇಟಿನ ಬಳಿ ನಿಂತವನಿಗೆ ಉಪ್ಪಿಟ್ಟು

ಮೊನ್ನೆ ನೋಯ್ಡಾದ ಮಾಲಿನಲ್ಲಿ ಅಕ್ಕನ ಜೊತೆ ಸಿನಿಮಾಕ್ಕೆ ಹೋಗಿದ್ದೆ. ಪಾಪ್‌ಕಾರ್ನಿನ ಬೆಣ್ಣೆವಾಸನೆ ಮೂಗಿಗೆ ಬಡಿಯುತ್ತಿತ್ತು. ಪರದೆಯ ಮೇಲೆ ಗಡ್ಡ ಬಿಟ್ಟ ನಾಯಕ, ತನ್ನನ್ನು ಬೇಡವೆಂದವಳ ಗೇಟಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು. ಅಕ್ಕನ ಕೈ ಪಾಪ್‌ಕಾರ್ನಿನ ಡಬ್ಬಿಯಲ್ಲೇ ನಿಂತುಹೋಯಿತು. ಏಕೆಂದು ನನಗೆ ಗೊತ್ತು, ನಿಮಗೂ ಹೇಳುತ್ತೇನೆ.

ಎಷ್ಟೋ ವರ್ಷಗಳ ಹಿಂದೆ ನಾವು ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಕಾಲೇಜಿಗೆ ಹೋಗುತ್ತಿದ್ದ ಅಕ್ಕನ ಬಸ್ಸಿನಲ್ಲೇ ದಿನವೂ ಒಬ್ಬ ಹುಡುಗ ಹಿಂಬಾಲಿಸಿ ಬಂದು, ನಮ್ಮ ಗೇಟಿನ ಬೇವಿನ ಮರದಡಿ ನಿಲ್ಲುತ್ತಿದ್ದ. ತನ್ನಷ್ಟಕ್ಕೇ ಏನೋ ಮಾತಾಡುತ್ತಿದ್ದ. ಒಂದು ದಿನ ಅಮ್ಮ ಬೈಯಲೆಂದೇ ಕೆಳಗಿಳಿದು ಹೋದಳು. ಅವನ ಬಾಯಿಂದ ಕನ್ನಡ ಬಂತು ನೋಡಿ, ಕರಗಿ ನೀರಾದಳು. ದೆಹಲಿ ಕನ್ನಡಿಗರ ಚಾಳಿಯೇ ಇದು: ಕನ್ನಡ ಕಿವಿಗೆ ಬಿದ್ದರೆ ಸಾಕು, ಯಾರು ಏನೆಂದು ಕೇಳದೆ ತಿಂಡಿಗೆ ಕರೆದುಬಿಡುತ್ತೇವೆ. ಮೇಲೆ ಬಂದವಳೇ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು.

"ಪಾಪ, ನಮ್ಮ ಕಡೆ ಹುಡುಗ ಕಣೇ. ನಿನ್ನನ್ನ ಎಷ್ಟು ಹಚ್ಕೊಂಡಿದಾನೆ!"

"ಅಮ್ಮಾ, ನಾನು ಅವನ ಹತ್ರ ಒಂದು ಮಾತೂ ಆಡಿಲ್ಲ. ನಂಗೆ ಭಯ ಆಗುತ್ತೆ. ನಾಳೆಯಿಂದ ಕಾಲೇಜಿಗೇ ಹೋಗಲ್ಲ."

ಅಮ್ಮ ತಟ್ಟೆ ಹಿಡಿದು ಹಾಗೇ ನಿಂತಳು. ಸಿನಿಮಾ ಹುಚ್ಚಿನ ನಾನೋ, ಅಕ್ಕನಿಗೂ ಆ ಹುಡುಗನಿಗೂ ಮನಸ್ಸಿನಲ್ಲೇ ಒಂದು ಹಾಡು ಜೋಡಿಸಿ, ಹಿಂದೆ ಕುಣಿಯುವವರನ್ನೂ ಸಾಲಾಗಿ ನಿಲ್ಲಿಸಿಯಾಗಿತ್ತು.

ಕೊನೆಗೆ ಆ ತಟ್ಟೆಯನ್ನು ಅಪ್ಪ ಒಯ್ದರು. ಮರದಡಿ ಅವನ ಪಕ್ಕ ಕೂತು, ತಿನ್ನಿಸುತ್ತಲೇ ಅವನ ಮನೆಯ ನಂಬರು ಕೇಳಿ, ಮೇಲೆ ಬಂದು ಫೋನ್ ಮಾಡಿದರು. ದೆಹಲಿಯ ಇನ್ನೊಂದು ತುದಿಯ ಪೀತಂಪುರದಿಂದ ಅವನ ಅಣ್ಣ ಸ್ಕೂಟರಿನಲ್ಲಿ ಧಾವಿಸಿ ಬಂದ.

"ನಿದ್ದೆ ಬಿಟ್ಟು ಎಷ್ಟು ದಿನ ಆಯ್ತೋ ಸರ್. ಈ ಹುಡುಗಿ ರೇಡಿಯೋದಲ್ಲಿ ತನ್ನನ್ನ ಕರೀತಾಳೆ ಅಂತಾನೆ. ನಾವೂ ಲವ್ ಅಂದ್ಕೊಂಡ್ವಿ" ಎಂದು ಅತ್ತೇಬಿಟ್ಟ.

ಕಾಯಿಲೆಯೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಸಿನಿಮಾದ ಹುಚ್ಚರು ಸರಪಳಿಯಲ್ಲಿದ್ದು ಕಿರುಚುತ್ತಾರೆ. ಸಿನಿಮಾದ ಪ್ರೇಮಿಗಳು ಗೇಟಿನ ಬಳಿ ನಿಲ್ಲುತ್ತಾರೆ. ಇವನು ಗೇಟಿನ ಬಳಿ ನಿಂತಿದ್ದ.

ಆಸ್ಪತ್ರೆ, ಮಾತ್ರೆ, ಅಣ್ಣನ ತಾಳ್ಮೆ ಎಲ್ಲ ಸೇರಿ ಹುಡುಗ ನಿಧಾನವಾಗಿ ಚೇತರಿಸಿಕೊಂಡ. ಮುಂದೊಂದು ಯುಗಾದಿಗೆ ಕನ್ನಡದವರೆಲ್ಲ ಊಟಕ್ಕೆ ಸೇರಿದಾಗ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದ. ಸಾಲಿಗೆ ಸಾಲೇ ಅಕ್ಕನ ಮುಖ ನೋಡಿತು. ಅಕ್ಕ ಎಲೆಗೆ ಕೈ ಅಡ್ಡ ಹಿಡಿದಳು.

"ನೀವು ಹುಷಾರಾಗಿದ್ದು ಸಂತೋಷ. ಆದ್ರೆ ನಂಗೆ ಬೇರೆಯವರು ಬಡಿಸಲಿ."

ಅವನು ತಲೆಯಾಡಿಸಿ ಮುಂದೆ ಹೋದ. ನಾನು ಕಂಡ ಕ್ಲೈಮ್ಯಾಕ್ಸುಗಳಲ್ಲೆಲ್ಲ ಅದೇ ಚೆಂದದ್ದು.

ಈಗ ಪರದೆಯ ಮೇಲೆ ನಾಯಕಿ ಅಳುತ್ತ ಗೇಟಿನ ಚಿಲಕಕ್ಕೆ ಕೈ ಹಾಕಿದಳು.

"ತೆಗೀಬೇಡ ಕಣೇ!" ಅಕ್ಕ ಕೂಗಿಯೇಬಿಟ್ಟಳು.

ಮುಂದಿನ ಸಾಲಿನ ಹುಡುಗಿ ತಿರುಗಿ, "ಆಂಟೀ, ಪ್ಲೀಸ್!" ಎಂದಳು.

ಮರ್ಯಾದಸ್ಥೆಯಾದ ನಾನು ಅಕ್ಕನನ್ನು ಸುಮ್ಮನಾಗಿಸಬೇಕಿತ್ತು. ಎದ್ದು ನಿಂತು ಅವಳಿಗಿಂತ ಜೋರಾಗಿ ಕೂಗಿದೆ: "ಯಾರಾದ್ರೂ ಇವನ ಅಣ್ಣಂಗೆ ಒಂದು ಫೋನ್ ಮಾಡ್ರಪ್ಪಾ!"