ಪಿಂಟೊ ಮಾಸ್ಟ್ರ ಗಾಜಿನ ತೊಟ್ಟಿಗೆ ಹಾಕಿದ ಬೆಳಕು

1964ರಲ್ಲಿ ನಾನು ಮಣಿಪಾಲದಲ್ಲಿ ವೈರ್‌ಮನ್ ಆಗಿದ್ದೆ. ಓದಿದ್ದು ಐದನೇ ಕ್ಲಾಸು. ಆದರೆ ಪರವಾನಗಿ ನನ್ನ ಹೆಸರಿನಲ್ಲೇ ಇತ್ತು. ನಾನು ಎಳೆದ ತಂತಿಯನ್ನು ಇನ್ನೊಬ್ಬ ಬಂದು ಬಿಚ್ಚಿ ಸರಿಪಡಿಸಿದ್ದು ಒಂದೂ ಇಲ್ಲ. ವಾಸ ಪರ್ಕಳದ ಒಂದು ಬಾಡಿಗೆ ಕೋಣೆಯಲ್ಲಿ. ಅದಕ್ಕೆ ಕರೆಂಟು ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಒಬ್ಬನೇ ಉಂಡು ಮಲಗುವವನಿಗೆ ಚಿಮಿಣಿ ದೀಪ ಸಾಕು ಎಂದುಕೊಂಡಿದ್ದೆ.

ಆ ವರ್ಷ ಮಳೆ ನಿಂತ ಮೇಲೆ ಪಿಂಟೊ ಮಾಸ್ಟ್ರು ಹೇಳಿ ಕಳುಹಿಸಿದರು. ಕಾಪುವಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಹೆಂಡತಿ ಸೆಲಿನ್ ಬಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇರಲಾಗದೆ ಮಣಿಪಾಲಕ್ಕೆ ಬಂದಿದ್ದರು. ಅಲ್ಲಿಂದ ಜತನವಾಗಿ ಹೊತ್ತು ತಂದದ್ದು ಕಬ್ಬಿಣದ ಚೌಕಟ್ಟಿನ, ಮೂರಡಿ ಉದ್ದದ ಒಂದು ಗಾಜಿನ ತೊಟ್ಟಿ. ಅದರಲ್ಲಿ ತೋಡಿನ ಹರಿನೀರಿನಲ್ಲಿ ಹಿಡಿದ ನಾಲ್ಕು ಸಣ್ಣ ಮೀನು, ಮರಳಿನಲ್ಲಿ ನೆಟ್ಟ ರಿಬ್ಬನ್ನಿನಂಥ ಉದ್ದ ಎಲೆಯ ಗಿಡ. ಸೆಲಿನ್ ಬಾಯಿ ತಮ್ಮ ತವರು ಕಾರ್ಕಳದ ಕೆರೆಯಿಂದ ತಂದು ಸ್ವಂತ ಕೈಯಲ್ಲಿ ನೆಟ್ಟದ್ದು. ಕಾಪುವಿನಲ್ಲಿ ಕಿಟಕಿಯ ಬೆಳಕಿಗೆ ಸೊಂಪಾಗಿ ಬೆಳೆದಿತ್ತಂತೆ. ಇಲ್ಲಿ ಕಿಟಕಿಗೆ ಅಡ್ಡವಾಗಿ ದೊಡ್ಡ ಹಲಸಿನ ಮರ. ಗಿಡ ಹಳದಿಯಾಗಿ, ಕೊಳೆತು, ಮೂರು ಬುಡ ಮಾತ್ರ ಉಳಿದಿತ್ತು.

"ಮೀನು ಹೋದ್ರೆ ತೋಡಲ್ಲಿ ಬೇರೆ ಉಂಟು. ಇದು ಹೋದ್ರೆ ಅವಳ ಕೈಯದ್ದು ಅಂತ ಬೇರೆ ಇಲ್ಲ," ಎಂದರು ಮಾಸ್ಟ್ರು.

"ನನಗೆ ಬಿಡಿ ಮಾಸ್ಟ್ರೇ. ಸೂರ್ಯನನ್ನೇ ತಂದು ಕಟ್ಟುತ್ತೇನೆ."

"ಐದನೇ ಕ್ಲಾಸಿನವ ಸೂರ್ಯನನ್ನು ತರ್ತಾನಂತೆ! ಆಗ್ಲಿ ಮಾರಾಯ, ನೋಡುವ."

ಬೆಳಕನ್ನು ಅಳೆಯಲು ನಮ್ಮಲ್ಲಿ ಒಂದು ಕ್ರಮವಿತ್ತು. ಬಲ್ಬು ಹಾಕಿ ಅದರ ಕೆಳಗೆ ಪೇಪರ್ ಹಿಡಿಯುವುದು. ಸಣ್ಣ ಅಕ್ಷರ ಓದಲು ಬಂದರೆ ಬೆಳಕು ಸಾಕು. ನಾನು ಹಾಗೆಯೇ ನೋಡಿ, ಸಾಲದೆಂದು ಕಂಡು, ನೂರು ವ್ಯಾಟಿನ ಎರಡು ಬಲ್ಬುಗಳನ್ನು ತಗಡಿನ ಮುಚ್ಚಳದೊಳಗೆ ಕಟ್ಟಿದೆ. ತೊಟ್ಟಿ ಫಳಫಳ ಹೊಳೆಯಿತು. ನಾಲ್ಕನೇ ದಿನ ಹೋಗಿ ನೀರಿಗೆ ಕೈ ಹಾಕಿದರೆ ಬೆಚ್ಚಗೆ. ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದು ಬುಡ ಕರಗಿತ್ತು.

"ನಾನು ಬೆಳಕು ಕೇಳಿದ್ದು ಶೀನ. ಗಂಜಿ ಬೇಯಿಸ್ಲಿಕ್ಕೆ ಒಲೆ ಅಲ್ಲ," ಎಂದರು ಮಾಸ್ಟ್ರು.

ಅಷ್ಟು ವರ್ಷದಲ್ಲಿ ನಾನು ತಲೆ ತಗ್ಗಿಸಿದ್ದು ಅದೇ ಮೊದಲು. ಬಲ್ಬು ತಿನ್ನುವ ಕರೆಂಟಿನಲ್ಲಿ ಹೆಚ್ಚಿನ ಪಾಲು ಶಾಖವಾಗಿಯೇ ಹೋಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನೀರಿನ ಮೇಲೆ ಅದನ್ನು ಯೋಚಿಸಿರಲಿಲ್ಲ. ಬಲ್ಬು ಬಿಚ್ಚಿ ಎರಡಡಿ ಉದ್ದದ, ಇಪ್ಪತ್ತು ವ್ಯಾಟಿನ ಟ್ಯೂಬ್‌ಲೈಟ್ ಹಾಕಿದೆ. ಟ್ಯೂಬಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚೋಕ್ ಕೂಡ ಬಿಸಿಯಾಗುವ ವಸ್ತುವೇ. ಅದನ್ನು ತೊಟ್ಟಿಯಿಂದ ದೂರ, ಗೋಡೆಗೆ ಕೂರಿಸಿದೆ. ನೀರಿನ ಹತ್ತಿರದ ಕೆಲಸ, ಶಾಕ್ ಹೊಡೆಯಬಾರದೆಂದು ಚೌಕಟ್ಟಿಗೆ ಅರ್ತ್ ತಂತಿ ಕೊಟ್ಟೆ. ದಿನಕ್ಕೆ ಹತ್ತು ಗಂಟೆ ಮಾತ್ರ ಉರಿಸಬೇಕು ಎಂದೆ. ಮಾಸ್ಟ್ರು ತಲೆಯಾಡಿಸಿದರು.

ತಿಂಗಳಾಗುವಷ್ಟರಲ್ಲಿ ಗಾಜಿಗೆಲ್ಲ ಹಸುರು ಪಾಚಿ. ಎಲೆಗಳ ಮೇಲೂ ಅದೇ. ಉಳಿದ ಎರಡು ಬುಡ ಪಾಚಿಯೊಳಗೆ ಉಸಿರು ಕಟ್ಟಿದಂತೆ ನಿಂತಿದ್ದವು. ಎಲ್ಲಿ ತಪ್ಪಿದೆ ಎಂದು ನನಗೆ ತಿಳಿಯಲಿಲ್ಲ.

ಅದೇ ವಾರ ಕಾರ್ಕಳದಲ್ಲಿ ಕೆಲಸವಿತ್ತು. ಮುಗಿಸಿ ಕೆರೆಯ ಮೆಟ್ಟಿಲಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು, "ಎಂತ ಅಣ್ಣ, ಕೆರೆಗೂ ಲೈಟು ಹಾಕ್ಲಿಕ್ಕುಂಟಾ?" ಎಂದು ನಕ್ಕಳು. ಗಿಡ ಹುಡುಕುತ್ತಿದ್ದೇನೆ ಎಂದೆ. "ಈ ಬದಿ ಇಡೀ ದಿನ ಬಿಸಿಲು, ಬರೀ ಪಾಚಿ. ಮಧ್ಯಾಹ್ನ ಕಳೆದು ಮರದ ನೆರಳು ಬೀಳ್ತದಲ್ಲ, ಅಲ್ಲಿ ನೋಡಿ." ಅಲ್ಲಿ ಉದ್ದ ಎಲೆಗಳು ಶುಭ್ರವಾಗಿ ಆಡುತ್ತಿದ್ದವು. ಬೆಳಕು ಹೆಚ್ಚು ಹೊತ್ತು ಉರಿದದ್ದೇ ಪಾಚಿಗೆ ಕಾರಣವಿರಬೇಕು ಎನಿಸಿತು.

ಬಸ್ಸಿಳಿದವನು ನೇರ ಮಾಸ್ಟ್ರ ಮನೆಗೆ ಹೋದೆ. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ, ಯಾರೂ ಇಲ್ಲದ ಮನೆಯೊಳಗೆ ಟ್ಯೂಬ್ ಉರಿಯುತ್ತಿತ್ತು. ಜಗಲಿಯಲ್ಲಿ ಕುಳಿತೆ. ಬೆಳಗ್ಗೆಯೇ ಹೋಗಿದ್ದ ಮಾಸ್ಟ್ರು ಮುಸ್ಸಂಜೆಗೆ ಉಡುಪಿಯಿಂದ ಬಂದರು.

"ಹತ್ತು ಗಂಟೆ ಅಂತ ಹೇಳಿದ್ದೆ ಅಲ್ವಾ ಮಾಸ್ಟ್ರೇ? ಬೆಳಗ್ಗಿನಿಂದ ಉರೀತಾ ಉಂಟು! ಗಿಡವನ್ನು ನೀವೇ ಕೊಲ್ತಾ ಇದ್ದೀರಿ!"

ಅವರು ಬೀಗ ತೆಗೆದು ಒಳಗೆ ಹೋಗಿ ಕೊಡೆಯನ್ನು ಮೂಲೆಗಿಟ್ಟರು.

"ಬಾಗಿಲು ತೆಗೆದಾಗ ಒಳಗೆ ಕತ್ತಲೆ ಇರ್ತದೆ ಶೀನ. ಮೂವತ್ತೊಂದು ವರ್ಷ ಹಾಗೆ ಇರ್ಲಿಲ್ಲ. ಲೈಟು ಇದ್ರೆ ಯಾರೋ ಇದ್ದಾರೆ ಅಂತ ಒಂದು ಗಳಿಗೆ ಆಗ್ತದೆ. ಅಷ್ಟೆ."

ಕೆಲಸದ ಚೀಲ ಕೈಯಲ್ಲೇ ಇತ್ತು. ಚಾವಡಿಯ ಕಿಟಕಿಯ ಬಳಿ, ರಸ್ತೆಗೆ ಕಾಣುವಂತೆ, ಹದಿನೈದು ವ್ಯಾಟಿನ ಒಂದು ಬಲ್ಬು ಹಾಕಿ ಅದಕ್ಕೆ ಬೇರೆ ಸ್ವಿಚ್ ಕೊಟ್ಟೆ. "ಇದು ನಿಮಗೆ. ಎಷ್ಟು ಹೊತ್ತು ಬೇಕಾದರೂ ಉರಿಯಲಿ. ಅದು ಬಾಯಿಯವರ ಗಿಡಕ್ಕೆ, ಎಂಟೇ ಗಂಟೆ." ಮಾಸ್ಟ್ರು ಎರಡು ಸ್ವಿಚ್ಚುಗಳನ್ನೂ ಒಮ್ಮೆ ಹಾಕಿ, ಆರಿಸಿ ನೋಡಿದರು.

ಗಾಜನ್ನು ವಾರಕ್ಕೊಮ್ಮೆ ಒರೆಸುತ್ತ ಹೋದರು. ಪಾಚಿ ಇಳಿಯಿತು. ಕ್ರಿಸ್ಮಸ್ಸಿನ ಹೊತ್ತಿಗೆ ಒಂದು ಬುಡದಿಂದ ಬಳ್ಳಿ ಹರಿದು, ಮರಳಿನಲ್ಲಿ ಬೆರಳುದ್ದದ ಹೊಸ ಗಿಡ ಎದ್ದಿತ್ತು. ಮಾಸ್ಟ್ರು ನನಗೆ ಹಬ್ಬದ ತಿಂಡಿ ಕುಸ್ವಾರಿನ ಪೊಟ್ಟಣ ಕೊಟ್ಟು, "ಸೂರ್ಯನನ್ನು ತರ್ಲಿಲ್ಲ ನೀನು. ಆದ್ರೂ ಪಾಸು," ಎಂದರು.

ಅಂದಿನಿಂದ ಯಾವ ಮನೆಗೆ ಹೋದರೂ, ಎಷ್ಟು ವ್ಯಾಟು ಎಂದು ಕೇಳುವ ಮೊದಲು ಈ ಬೆಳಕು ಯಾರಿಗೆ ಎಂದು ಕೇಳುತ್ತಿದ್ದೆ. ವೈರ್‌ಮನ್ ಕೆಲಸ ನನಗೆ ಕಲಿಸಿದ್ದು ಇದೊಂದನ್ನೇ ಎಂದರೂ ನಡೆದೀತು.

ಮರುವರ್ಷ ಪರ್ಕಳದ ಮಾಲೀಕರ ಒಪ್ಪಿಗೆ ಪಡೆದು ನನ್ನ ಕೋಣೆಗೂ ಕರೆಂಟು ಎಳೆದೆ. ಕಿಟಕಿಯ ಬಳಿ ಒಂದೇ ಬಲ್ಬು, ಹದಿನೈದು ವ್ಯಾಟು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಹಾಕಿಟ್ಟು ಹೋಗುತ್ತಿದ್ದೆ. ಅದು ಯಾರಿಗೆ ಎಂದು ಯಾರೂ ಕೇಳಲಿಲ್ಲ.